ಸ್ಲೀಪ್ ಆಪ್ನಿಯಾ ಜೊತೆ ಬದುಕುವುದು: ಗೊರಕೆ ರೆಕಾರ್ಡ್ ಮಾಡುವುದರಿಂದ ಮಾಸ್ಕ್ ಒಗ್ಗುವವರೆಗೆ

ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ಮೂಟೆ ಹೊತ್ತವರ ಹಾಗೆ ಸುಸ್ತು. ತಲೆ ಭಾರ, ಬಾಯಿ ಒಣ ಒಣ. ಮಧ್ಯಾಹ್ನ ಯಾರೋ ಎದುರಿಗೆ ಕೂತು ಮಾತಾಡುತ್ತಿದ್ದರೆ ಕಣ್ಣು ತಾನಾಗಿ ಎಳೆಯುತ್ತದೆ. ಕೆಲಸ ಜಾಸ್ತಿ, ವಯಸ್ಸಾಯ್ತು, ಟೆನ್ಶನ್ನು ಅಂತ ನಾಲ್ಕು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೊನೆಗೆ ಒಂದು ರಾತ್ರಿ ಹೆಂಡತಿ ನನ್ನ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಬೆಳಿಗ್ಗೆ ಕೇಳಿಸಿದಳು. ಗೊರಕೆ ಜೋರು ಅಂತ ಗೊತ್ತೇ ಇತ್ತು. ಆದರೆ ಆ ಸದ್ದು ಪಟ್ಟನೆ ನಿಂತುಹೋಗಿ, ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಾ, ಇಪ್ಪತ್ತು ಸೆಕೆಂಡ್ ಕಳೆದ ಮೇಲೆ ನೀರಲ್ಲಿ ಮುಳುಗಿ ಮೇಲೆ ಬಂದವನ ಹಾಗೆ ಒಂದು ಏದುಸಿರು ಬರುತ್ತಿತ್ತಲ್ಲ, ಅದನ್ನು ಕೇಳಿ ನಗುತ್ತಿದ್ದವನು ಸುಮ್ಮನಾದೆ.

ನಾನು ಡಾಕ್ಟರ್ ಅಲ್ಲ. ಆರು ವರ್ಷದಿಂದ ಮಾಸ್ಕ್ ಹಾಕಿಕೊಂಡು ಮಲಗುವ ಮನುಷ್ಯ. ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ ಅಂತ ಗೊತ್ತಾದ ಮೇಲೆ, ಮಾಸ್ಕಿನ ಮೂಲಕ ಗಾಳಿ ಊದುವ ಯಂತ್ರವನ್ನು ಕೈಗೆ ಕೊಟ್ಟು "ಇದನ್ನು ಹಾಕಿಕೊಂಡು ಮಲಗಿ" ಅಂದರು, ಅಷ್ಟೇ. ಮುಂದಿನ ಎರಡು ತಿಂಗಳು ಪಟ್ಟ ಪಾಡು ನನಗೇ ಗೊತ್ತು. ಯಂತ್ರ ಮನೆಗೆ ಬಂದ ದಿನ ಚಿಕಿತ್ಸೆ ಶುರುವಾಗುವುದಿಲ್ಲ ಅನ್ನುವುದು ಆಮೇಲೆ ಅರ್ಥವಾಯಿತು. ಗಾಳಿ ಸೋರುವುದು, ಮೂಗು ಒಣಗುವುದು, ಉಸಿರು ಕಟ್ಟಿದ ಹಾಗೆ ಹೆದರಿಕೆಯಾಗುವುದು, ಇವನ್ನು ಒಂದೊಂದಾಗಿ ಬಿಡಿಸಿದ ಮೇಲೆಯೇ ನಿದ್ದೆ ಬಂದದ್ದು. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಗಂಟಲಲ್ಲಿ ಏನಾಗುತ್ತಿದೆ?

ನಿದ್ದೆ ಹತ್ತಿದಾಗ ಮೈಯ ಎಲ್ಲ ಸ್ನಾಯುಗಳ ಹಾಗೆ ಗಂಟಲಿನ ಸ್ನಾಯುಗಳೂ ಸಡಿಲವಾಗುತ್ತವೆ. ಕೆಲವರಿಗೆ ನಾಲಿಗೆ ಹಿಂದಕ್ಕೆ ಜಾರಿ, ಕಿರುನಾಲಿಗೆಯ ಸುತ್ತಿನ ಮೆತ್ತನೆ ಭಾಗ ಜೋತುಬಿದ್ದು, ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹೀಗೆ 10 ಸೆಕೆಂಡ್ ಅಥವಾ ಜಾಸ್ತಿ ಉಸಿರು ನಿಂತರೆ ಅದನ್ನು ಒಂದು ಆಪ್ನಿಯಾ ಅಂತ ಲೆಕ್ಕ ಹಾಕುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ನಿಮ್ಮನ್ನು ಕೆಲವೇ ಸೆಕೆಂಡ್ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ. ಎದ್ದದ್ದು ನಿಮಗೆ ನೆನಪೇ ಇರುವುದಿಲ್ಲ. ಒಂದು ರಾತ್ರಿಯಲ್ಲಿ ಇದು ನೂರಾರು ಸಲ ಆಗಬಹುದು. ಪ್ರತಿ ಸಲವೂ ಎದೆಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಎರಡು ಮೂರು ಮಾತ್ರೆ ತಗೊಂಡರೂ ಬಿಪಿ ಇಳಿಯದವರಲ್ಲಿ ಆಪ್ನಿಯಾ ಹುಡುಕಬೇಕು ಅನ್ನುವುದು ಇದಕ್ಕೇ.

ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದೂ ಇದರದೇ ಕಿತಾಪತಿ ಇರಬಹುದು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದಾಗ ಹೃದಯದ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡ ಹೃದಯ, ಅದನ್ನು ಹೊರಗೆ ಹಾಕಿಸುವ ಹಾರ್ಮೋನ್ ಬಿಡುತ್ತದೆ. ನಾನು ಪ್ರಾಸ್ಟೇಟ್ ಇರಬೇಕು ಅಂತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದೆ!

ಇನ್ನೊಂದು ಜಾತಿಯೂ ಇದೆ, ಸೆಂಟ್ರಲ್ ಆಪ್ನಿಯಾ. ಅಲ್ಲಿ ಗಂಟಲು ತೆರೆದೇ ಇರುತ್ತದೆ, ಮೆದುಳು ಉಸಿರಾಡು ಅಂತ ಹೇಳುವುದನ್ನೇ ಮರೆಯುತ್ತದೆ. ಹೃದಯ ಸೋತಿರುವವರಲ್ಲಿ, ಮಾರ್ಫಿನ್ ಜಾತಿಯ ನೋವಿನ ಮಾತ್ರೆ ತಗೊಳ್ಳುವವರಲ್ಲಿ ಇದು ಕಾಣುತ್ತದೆ. ಅದರ ಚಿಕಿತ್ಸೆ ಬೇರೆ, ಹಾಗಾಗಿ ಪರೀಕ್ಷೆ ಮಾಡಿಸದೆ ಯಂತ್ರ ತಂದು ಹಾಕಿಕೊಳ್ಳಬೇಡಿ.

ಹೆಜ್ಜೆ 1: ಅನುಮಾನವನ್ನು ಕಾಗದದ ಮೇಲೆ ಹಾಕಿ

ಡಾಕ್ಟರ ಹತ್ತಿರ ಹೋಗಿ "ಸುಸ್ತು" ಅಂದರೆ ರಕ್ತ ಪರೀಕ್ಷೆ ಬರೆದುಕೊಟ್ಟು ಕಳಿಸುತ್ತಾರೆ. ಹೋಗುವ ಮೊದಲೇ ಮೂರು ಕೆಲಸ ಮಾಡಿ. ಪಕ್ಕದಲ್ಲಿ ಮಲಗುವವರು ಇದ್ದರೆ ಉಸಿರು ನಿಲ್ಲುತ್ತದಾ ಅಂತ ಕೇಳಿ, ಇಲ್ಲದಿದ್ದರೆ ಫೋನನ್ನು ತಲೆದಿಂಬಿನ ಪಕ್ಕ ಇಟ್ಟು ರಾತ್ರಿಯಿಡೀ ರೆಕಾರ್ಡ್ ಮಾಡಿ. ಎರಡನೆಯದು ಎಪ್‌ವರ್ತ್ ಪ್ರಶ್ನಾವಳಿ. ಆಸ್ಟ್ರೇಲಿಯಾದ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಓದುವಾಗ, ಟಿವಿ ನೋಡುವಾಗ, ಕಾರಲ್ಲಿ ಕೂತಾಗ ತೂಕಡಿಕೆ ಎಷ್ಟು ಬರುತ್ತದೆ ಅಂತ ಎಂಟು ಸಂದರ್ಭಗಳಿಗೆ 0ರಿಂದ 3ರವರೆಗೆ ಅಂಕ ಹಾಕಬೇಕು. ಒಟ್ಟು 24ಕ್ಕೆ 10 ದಾಟಿದರೆ ಹಗಲಿನ ನಿದ್ದೆ ಜಾಸ್ತಿ ಅಂತ ಅರ್ಥ. ಮೂರನೆಯದು ಸ್ಟಾಪ್-ಬ್ಯಾಂಗ್ ಎಂಬ ಇನ್ನೊಂದು ಪ್ರಶ್ನಾವಳಿ. ಗೊರಕೆ, ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ ಇದೆಯಾ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35ಕ್ಕಿಂತ ಜಾಸ್ತಿಯಾ, ವಯಸ್ಸು 50 ದಾಟಿದೆಯಾ, ಕುತ್ತಿಗೆ ಸುತ್ತಳತೆ 40 ಸೆಂ.ಮೀ. ದಾಟಿದೆಯಾ, ಗಂಡಸಾ, ಇಷ್ಟೇ. ಮೂರಕ್ಕೆ ಹೌದು ಬಂದರೆ ಪರೀಕ್ಷೆ ಮಾಡಿಸಿ.

ಈ ಪ್ರಶ್ನೆಗಳನ್ನು ಓದಿದರೆ ಇದು ದಪ್ಪ ಗಂಡಸರ ಕಾಯಿಲೆ ಅನ್ನಿಸುತ್ತದೆ, ಅಲ್ವಾ? ಅದೇ ತೊಂದರೆ. ತೆಳ್ಳಗಿದ್ದು ದವಡೆ ಹಿಂದೆ ಸರಿದಿರುವವರಿಗೂ ಬರುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ, ಮತ್ತು ಅವರು ಹೇಳಿಕೊಳ್ಳುವುದು ಗೊರಕೆಯ ಬಗ್ಗೆ ಅಲ್ಲ, ನಿದ್ದೆ ಬರುವುದಿಲ್ಲ, ಬೆಳಿಗ್ಗೆ ತಲೆನೋವು, ಮನಸ್ಸು ಕುಗ್ಗಿದೆ ಅಂತ. ಎಷ್ಟೋ ಜನ ಖಿನ್ನತೆಯ ಮಾತ್ರೆ ತಗೊಂಡು ವರ್ಷಗಟ್ಟಲೆ ಕಳೆಯುತ್ತಾರೆ. ಮಕ್ಕಳಲ್ಲಿ ಇನ್ನೂ ಬೇರೆ. ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ದಪ್ಪಗಾಗಿ ಉಸಿರು ಕಟ್ಟುವ ಮಗು ಹಗಲು ತೂಕಡಿಸುವ ಬದಲು ಸುಮ್ನೆ ಕೂರದೆ ಹಾರಾಡಬಹುದು, ಓದಿನಲ್ಲಿ ಗಮನ ಇಲ್ಲ ಅಂತ ಬೈಸಿಕೊಳ್ಳಬಹುದು.

ಹೆಜ್ಜೆ 2: ಪರೀಕ್ಷೆ, ಮತ್ತು ಆ ರಿಪೋರ್ಟ್ ಓದುವುದು

ಎರಡು ದಾರಿ ಇದೆ. ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿ ಮಾಡಿಸುವ ಪಾಲಿಸೊಮ್ನೋಗ್ರಫಿ ದೊಡ್ಡ ಪರೀಕ್ಷೆ. ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸುತ್ತಾರೆ. ಇಷ್ಟೆಲ್ಲ ಹೊತ್ತು ನಿದ್ದೆ ಹೇಗೆ ಬರುತ್ತದೆ ಅಂತ ನಾನೂ ಕೇಳಿದ್ದೆ. ಬರುತ್ತದೆ, ನಮಗೆ ಬೇಕಾದಷ್ಟು ಅಲ್ಲದಿದ್ದರೂ ಅವರಿಗೆ ಬೇಕಾದಷ್ಟು. ಎರಡನೆಯದು ಮನೆಯಲ್ಲೇ ಮಾಡಿಕೊಳ್ಳುವ ಚಿಕ್ಕ ಪರೀಕ್ಷೆ. ಮೂಗಿಗೆ ನಳಿಗೆ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್.

ಮನೆ ಪರೀಕ್ಷೆಯಲ್ಲಿ ಒಂದು ಮೋಸ ಇದೆ, ಗೊತ್ತಿರಲಿ. ಬಹಳಷ್ಟು ಯಂತ್ರಗಳಲ್ಲಿ ತಲೆಗೆ ತಂತಿ ಇರುವುದಿಲ್ಲ, ಹಾಗಾಗಿ ನೀವು ನಿಜಕ್ಕೂ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. 8 ಗಂಟೆ ರೆಕಾರ್ಡ್ ಆಗಿದೆ, 100 ಸಲ ಉಸಿರು ತಡೆದಿದೆ ಅಂದುಕೊಳ್ಳಿ. ಗಂಟೆಗೆ 12.5 ಬಂತು. ಆದರೆ ನೀವು ನಿದ್ದೆ ಮಾಡಿದ್ದು 5 ಗಂಟೆ ಮಾತ್ರ ಆಗಿದ್ದರೆ ನಿಜವಾದ ಲೆಕ್ಕ ಗಂಟೆಗೆ 20. ಮೊದಲನೆಯದು ಸೌಮ್ಯ, ಎರಡನೆಯದು ಮಧ್ಯಮ. ಆದ್ದರಿಂದ ಲಕ್ಷಣ ಬಲವಾಗಿದ್ದು ಮನೆ ಪರೀಕ್ಷೆ "ಏನೂ ಇಲ್ಲ" ಅಂದರೆ ಲ್ಯಾಬ್ ಪರೀಕ್ಷೆ ಕೇಳಿ ಪಡೆಯಿರಿ. ಕೈಗಡಿಯಾರಗಳೂ ಈಗ ಆಪ್ನಿಯಾ ಇರಬಹುದು ಅಂತ ಎಚ್ಚರಿಸುತ್ತವೆ. ಡಾಕ್ಟರ ಹತ್ತಿರ ಹೋಗಲು ಅದು ಒಳ್ಳೆಯ ನೆಪ, ಅಷ್ಟೇ. ಗಡಿಯಾರ ಸುಮ್ಮನಿದೆ ಅಂತ ನಿಶ್ಚಿಂತೆಯಾಗಿ ಇರಬೇಡಿ.

ಈಗ ರಿಪೋರ್ಟ್. ಮುಖ್ಯ ಸಂಖ್ಯೆ ಎಎಚ್‌ಐ. ಗಂಟೆಗೆ ಎಷ್ಟು ಸಲ ಉಸಿರು ಪೂರ್ತಿ ನಿಂತಿತು ಅಥವಾ ಅರ್ಧಂಬರ್ಧ ತಡೆಯಿತು ಅನ್ನುವ ಲೆಕ್ಕ. ದೊಡ್ಡವರಿಗೆ 5ರ ಒಳಗೆ ಸರಿ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನ್ನದು 41 ಇತ್ತು. ಈ ಒಂದು ಸಂಖ್ಯೆ ನೋಡಿ ರಿಪೋರ್ಟ್ ಮಡಚಬೇಡಿ. ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು, ನೂರಕ್ಕೆ 90ರ ಕೆಳಗೆ ಎಷ್ಟು ನಿಮಿಷ ಇತ್ತು ನೋಡಿ. ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಾಗಿ ಮಲಗಿದಾಗ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ಎರಡಕ್ಕೂ ಅಜಗಜಾಂತರ ಇದ್ದರೆ ಮಗ್ಗುಲಾಗಿ ಮಲಗುವುದೇ ಅರ್ಧ ಔಷಧ. ಕನಸಿನ ನಿದ್ದೆಯಲ್ಲಿ, ಅಂದರೆ ರೆಮ್ ನಿದ್ದೆಯಲ್ಲಿ, ಎಷ್ಟು ಅಂತಲೂ ಇರುತ್ತದೆ. ಆ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 3: ಮಾಸ್ಕ್ ಆರಿಸುವುದು

ಸಿಪ್ಯಾಪ್ ಅಂದರೆ ಗಾಳಿಯನ್ನು ಒಂದೇ ಒತ್ತಡದಲ್ಲಿ ಊದುವ ಪೆಟ್ಟಿಗೆ. ಆ ಗಾಳಿ ಗಂಟಲನ್ನು ಒಳಗಿನಿಂದ ಹಿಗ್ಗಿಸಿ ಮುಚ್ಚದ ಹಾಗೆ ಹಿಡಿದಿಡುತ್ತದೆ. ಆಮ್ಲಜನಕ ಕೊಡುವ ಯಂತ್ರ ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ, ಬರುವುದು ಕೋಣೆಯ ಗಾಳಿಯೇ. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಇದನ್ನು 1981ರಲ್ಲಿ ಪ್ರಕಟಿಸಿದರು. ಮೊದಲ ದಿನಗಳಲ್ಲಿ ವ್ಯಾಕ್ಯೂಮ್ ಕ್ಲೀನರ್ ಮೋಟಾರು ಊದುತ್ತಿತ್ತು, ಮಾಸ್ಕನ್ನು ಮುಖಕ್ಕೆ ಅಂಟು ಹಾಕಿ ಅಂಟಿಸಿಕೊಳ್ಳಬೇಕಿತ್ತು. ಅದಕ್ಕೂ ಹಿಂದೆ ತೀವ್ರ ಆಪ್ನಿಯಾಗೆ ಇದ್ದ ದಾರಿ ಗಂಟಲಿಗೆ ತೂತು ಹಾಕುವುದು. ಮಾಸ್ಕ್ ಕಿರಿಕಿರಿ ಮಾಡಿದ ರಾತ್ರಿ ನಾನು ಇದನ್ನು ನೆನಪಿಸಿಕೊಳ್ಳುತ್ತಿದ್ದೆ.

ಮಾಸ್ಕಿನಲ್ಲಿ ಮೂರು ಬಗೆ. ಮೂಗಿನ ಹೊಳ್ಳೆಗೆ ಕೂರುವ ಪುಟ್ಟ ದಿಂಬಿನಂಥದ್ದು, ಮೂಗು ಮುಚ್ಚುವುದು, ಮೂಗು ಬಾಯಿ ಎರಡೂ ಮುಚ್ಚುವುದು. ಗಡ್ಡ ಇದ್ದರೆ, ಕನ್ನಡಕ ಹಾಕಿ ಓದುವ ಅಭ್ಯಾಸ ಇದ್ದರೆ, ಮುಚ್ಚಿದ ಜಾಗ ಅಂದರೆ ಹೆದರಿಕೆ ಇದ್ದರೆ ಮೊದಲನೆಯದನ್ನು ನೋಡಿ. ಬಾಯಲ್ಲೇ ಉಸಿರಾಡುವವರು, ಮೂಗು ಸದಾ ಕಟ್ಟುವವರು ಮೂರನೆಯದಕ್ಕೆ ಹೋಗುತ್ತಾರೆ. ಆದರೆ ಅದು ದೊಡ್ಡದು, ಸೋರುವ ಜಾಗವೂ ಜಾಸ್ತಿ. ಮೊದಲು ಮೂಗಿನ ಸಮಸ್ಯೆ ಸರಿಮಾಡಿಸಿಕೊಂಡು ಮೂಗಿನ ಮಾಸ್ಕ್ ಹಾಕಿ ನೋಡಿ ಅನ್ನುವುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಕುರ್ಚಿ ಮೇಲೆ ಕೂತು ಮಾಸ್ಕ್ ನೋಡಿ ತರಬೇಡಿ. ಮಲಗಿದಾಗ ಕೆನ್ನೆ ಜಾರುತ್ತದೆ, ಅಳತೆ ಬದಲಾಗುತ್ತದೆ. ಯಂತ್ರ ಹಾಕಿ, ಗಾಳಿ ಬರುವಾಗ, ಮಲಗಿಕೊಂಡು, ಎರಡೂ ಮಗ್ಗುಲಿಗೆ ತಿರುಗಿ ನೋಡಬೇಕು. ಮೊದಲ ತಿಂಗಳು ಬದಲಾಯಿಸಿಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ನಾನು ಮೂರನೇ ಮಾಸ್ಕಿಗೆ ನೆಲೆ ನಿಂತವನು. ಒಂದು ಎಚ್ಚರಿಕೆ: ಕೆಲವು ಮಾಸ್ಕಿನ ಕೊಂಡಿಗಳಲ್ಲಿ ಅಯಸ್ಕಾಂತ ಇರುತ್ತದೆ. ನಿಮಗೋ ಪಕ್ಕದಲ್ಲಿ ಮಲಗುವವರಿಗೋ ಪೇಸ್‌ಮೇಕರ್ ಇದ್ದರೆ ಅಯಸ್ಕಾಂತ ಇಲ್ಲದ್ದನ್ನೇ ಕೇಳಿ.

ಹೆಜ್ಜೆ 4: ಮೊದಲ ತಿಂಗಳು

ಮೊದಲ ರಾತ್ರಿ ಹಾಕಿಕೊಂಡು ಲೈಟ್ ಆರಿಸಿದ ಹತ್ತು ನಿಮಿಷಕ್ಕೆ ಕಿತ್ತು ಎಸೆದೆ. ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ ಹಾಗೆ ಗಾಳಿ. ಉಸಿರು ಬಿಡಲು ಆಗುತ್ತಿಲ್ಲ ಅನ್ನುವ ಗಾಬರಿ. ಯಾರೂ ಹೇಳಿಕೊಡದ ಮಾತು ಏನೆಂದರೆ, ಇದನ್ನು ಹಗಲು ಹೊತ್ತು ಕಲಿಯಬೇಕು. ಮೊದಲ ಎರಡು ದಿನ ಮಾಸ್ಕ್ ಮಾತ್ರ ಮುಖಕ್ಕೆ ಹಿಡಿದುಕೊಂಡು ಟಿವಿ ನೋಡಿ, ಪಟ್ಟಿ ಕಟ್ಟಬೇಡಿ, ಕೊಳವೆ ಬೇಡ. ಆಮೇಲೆ ಪಟ್ಟಿ ಕಟ್ಟಿಕೊಳ್ಳಿ. ಆಮೇಲೆ ಕೊಳವೆ ಜೋಡಿಸಿ ಗಾಳಿ ಬಿಟ್ಟು ಇಪ್ಪತ್ತು ನಿಮಿಷ ಕೂತುಕೊಳ್ಳಿ. ಗಾಬರಿ ಶುರುವಾದರೆ ತೆಗೆದುಬಿಡಿ, ತಪ್ಪೇನಿಲ್ಲ. ತೆಗೆಯುವುದು ನನ್ನ ಕೈಯಲ್ಲೇ ಇದೆ ಅಂತ ಮೆದುಳಿಗೆ ಗೊತ್ತಾಗುವುದೇ ಇಲ್ಲಿನ ಪಾಠ. ನಂತರ ಮಧ್ಯಾಹ್ನ ಒಂದು ಸಣ್ಣ ನಿದ್ದೆ, ನಂತರ ರಾತ್ರಿ. ಕೆಲವರಿಗೆ ಇದು ಮೂರೇ ದಿನದ ಕೆಲಸ, ನನಗೆ ಎರಡು ವಾರ ಹಿಡಿಯಿತು.

ಯಂತ್ರದಲ್ಲಿ ಎರಡು ಸೌಲಭ್ಯ ಇರುತ್ತವೆ, ಹುಡುಕಿ ಆನ್ ಮಾಡಿಸಿಕೊಳ್ಳಿ. ರ‍್ಯಾಂಪ್ ಅಂದರೆ ಕಡಿಮೆ ಒತ್ತಡದಲ್ಲಿ ಶುರುವಾಗಿ ನಿಧಾನಕ್ಕೆ ಏರುವುದು. ಇನ್ನೊಂದು, ನೀವು ಉಸಿರು ಬಿಡುವಾಗ ಒತ್ತಡವನ್ನು ಸ್ವಲ್ಪ ಇಳಿಸುವುದು. ಒತ್ತಡವನ್ನು ನೀರಿನ ಎತ್ತರದ ಸೆಂ.ಮೀ. ಲೆಕ್ಕದಲ್ಲಿ ಅಳೆಯುತ್ತಾರೆ, ಸಾಮಾನ್ಯವಾಗಿ 4ರಿಂದ 20ರ ನಡುವೆ ಇರುತ್ತದೆ. ಆಟೊ ಯಂತ್ರ ಇದ್ದರೆ ತಾನೇ ಏರಿಸಿ ಇಳಿಸುತ್ತದೆ. ಅದರ ಕನಿಷ್ಠವನ್ನು 4ಕ್ಕೇ ಬಿಟ್ಟಿದ್ದರೆ ಕೆಲವರಿಗೆ ಗಾಳಿ ಸಾಲದೆ ಉಸಿರುಗಟ್ಟುತ್ತದೆ. ಗಾಳಿ ಜಾಸ್ತಿ ಅಂತ ಅವರು ಅಂದುಕೊಂಡಿರುತ್ತಾರೆ, ನಿಜಕ್ಕೂ ಕಡಿಮೆ ಇರುತ್ತದೆ! ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.

ದಿನಕ್ಕೆ 4 ಗಂಟೆ ಹಾಕಿದರೆ ಸಾಕು ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ರಾತ್ರಿಗಳ ಪೈಕಿ ನೂರಕ್ಕೆ 70ರಲ್ಲಿ 4 ಗಂಟೆ, ಇದು ಬಳಕೆ ಅಳೆಯಲು ಇಟ್ಟುಕೊಂಡ ಗೆರೆ. ಅದು ಗುರಿ ಅಲ್ಲ. ರೆಮ್ ನಿದ್ದೆಯ ಹೆಚ್ಚಿನ ಪಾಲು ಬರುವುದು ರಾತ್ರಿಯ ಎರಡನೇ ಅರ್ಧದಲ್ಲಿ, ಮತ್ತು ಸ್ನಾಯುಗಳು ಅತ್ಯಂತ ಸಡಿಲವಾಗುವುದೂ ಆಗಲೇ. ಬೆಳಗಿನ ಜಾವ ಮೂರಕ್ಕೆ ಮಾಸ್ಕ್ ತೆಗೆದು ಮಲಗುವವರು, ಮಳೆ ಜೋರಾದ ಹೊತ್ತಿಗೆ ಕೊಡೆ ಮಡಚಿದ ಹಾಗೆ. ರಿಪೋರ್ಟಿನಲ್ಲಿ ರೆಮ್ ಸಂಖ್ಯೆ ನೆನಪಿಡಿ ಅಂದದ್ದು ಇದಕ್ಕೇ. 2016ರಲ್ಲಿ ಸೇವ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಆಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಆದರೆ ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಇನ್ನೂ ಹೆಚ್ಚು ಹೊತ್ತು ಹಾಕಿದ್ದರೆ ಏನಾಗುತ್ತಿತ್ತು ಅನ್ನುವ ವಾದ ಇನ್ನೂ ನಡೆದಿದೆ. ನಾನಂತೂ ಎದ್ದು ಕೂರುವವರೆಗೂ ತೆಗೆಯುವುದಿಲ್ಲ.

ಹೆಜ್ಜೆ 5: ಕಾಟಗಳು, ಒಂದೊಂದಾಗಿ

ಒಂದು ನಿಯಮ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಮೂರು ರಾತ್ರಿ ನೋಡಿ, ಬರೆದಿಡಿ. ಮಾಸ್ಕ್, ಒತ್ತಡ, ತೇವ ಮೂರನ್ನೂ ಒಂದೇ ದಿನ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಸೋರಿಕೆ ಎಲ್ಲಕ್ಕಿಂತ ದೊಡ್ಡ ಕಾಟ. ಗಾಳಿ ಕಣ್ಣಿಗೆ ಹೊಡೆದು ಬೆಳಿಗ್ಗೆ ಕಣ್ಣು ಕೆಂಪಗಾಗುತ್ತದೆ. ಕೈ ತಾನಾಗಿ ಪಟ್ಟಿ ಬಿಗಿ ಮಾಡಲು ಹೋಗುತ್ತದೆ. ಬೇಡ. ಮಾಸ್ಕಿನ ಅಂಚಿನ ಸಿಲಿಕಾನ್ ಪದರ ಗಾಳಿ ತುಂಬಿ ಉಬ್ಬಿಯೇ ಮುಖಕ್ಕೆ ಕೂರಬೇಕು. ಬಿಗಿದಷ್ಟೂ ಅದು ಸುಕ್ಕಾಗಿ ಇನ್ನೂ ಸೋರುತ್ತದೆ, ಮೂಗಿನ ಮೇಲೆ ಹುಣ್ಣು ಬೇರೆ. ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಸ್ವಲ್ಪ ಮೇಲೆತ್ತಿ, ಪದರ ಉಬ್ಬಲು ಬಿಟ್ಟು, ಮತ್ತೆ ಕೂರಿಸಿ. ನನ್ನ ಸೋರಿಕೆಯಲ್ಲಿ ಮುಕ್ಕಾಲು ಭಾಗ ಇದರಿಂದಲೇ ಹೋಯಿತು. ಮಲಗುವ ಮುಂಚೆ ಮುಖ ತೊಳೆದುಕೊಳ್ಳಿ, ಎಣ್ಣೆ, ಕ್ರೀಮ್ ಇದ್ದರೆ ಜಾರುತ್ತದೆ. ಮೂಗಿನ ಮಾಸ್ಕ್ ಹಾಕಿದಾಗ ಗಾಳಿ ಬಾಯಿಂದ ಹೊರಗೆ ಹೋಗುತ್ತಿದ್ದರೆ ಗಲ್ಲಕ್ಕೆ ಕಟ್ಟುವ ಪಟ್ಟಿ ಕೆಲವರಿಗೆ ಆಗುತ್ತದೆ. ಬಾಯಿಗೆ ಟೇಪ್ ಹಾಕಿಕೊಳ್ಳುವ ಫ್ಯಾಷನ್ ಬಂದಿದೆ. ಮೂಗು ಕಟ್ಟಿದಾಗ, ವಾಂತಿ ಬಂದಾಗ ಅದು ಅಪಾಯ. ನನ್ನ ಮಾತು ಕೇಳುವುದಾದರೆ ಬೇಡ.

ಮೂಗು, ಗಂಟಲು ಒಣಗಿದರೆ, ಯಂತ್ರದ ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ ಇರುತ್ತದಲ್ಲ, ಅದರ ತೇವವನ್ನು ಒಂದೊಂದೇ ಹಂತ ಏರಿಸಿ. ಜಾಸ್ತಿ ಏರಿಸಿದರೆ ತಣ್ಣನೆ ಕೋಣೆಯಲ್ಲಿ ಕೊಳವೆಯೊಳಗೆ ನೀರು ಕಟ್ಟಿ, ನಡುರಾತ್ರಿ ಮುಖಕ್ಕೆ ಚಿಮ್ಮುತ್ತದೆ. ಆಗ ಬಿಸಿಯಾಗುವ ಕೊಳವೆ ತಗೊಳ್ಳಿ, ಇಲ್ಲವೇ ಕೊಳವೆಯನ್ನು ಹೊದಿಕೆಯ ಒಳಗೆ ಹಾಯಿಸಿ. ಯಂತ್ರ ಮಂಚಕ್ಕಿಂತ ಕೆಳಗಿರಲಿ. ಹೊಟ್ಟೆಗೆ ಗಾಳಿ ಹೋಗಿ ಬೆಳಿಗ್ಗೆ ಉಬ್ಬರ, ತೇಗು ಬಂದರೆ ಒತ್ತಡ ಜಾಸ್ತಿ ಇರಬಹುದು, ಡಾಕ್ಟರನ್ನು ಕೇಳಿ. ಮಂಚದ ತಲೆ ಭಾಗವನ್ನು ಎತ್ತರಿಸುವುದೂ ಆಗಬಹುದು.

ಸ್ವಚ್ಛತೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾಸ್ಕಿನ ಮುಖಕ್ಕೆ ತಾಗುವ ಭಾಗವನ್ನು ದಿನಾ ಸೋಪು ನೀರಲ್ಲಿ ತೊಳೆಯಿರಿ, ಕೊಳವೆ ವಾರಕ್ಕೊಮ್ಮೆ. ತೊಟ್ಟಿಯ ನೀರನ್ನು ದಿನಾ ಚೆಲ್ಲಿ ಡಿಸ್ಟಿಲ್ಡ್ ನೀರು ಹಾಕಿ. ಓಜೋನ್ ಬಿಟ್ಟು ಶುದ್ಧ ಮಾಡುವ ಪೆಟ್ಟಿಗೆಗಳನ್ನು ತರಬೇಡಿ, ಆ ಅನಿಲ ಉಸಿರಿನ ದಾರಿಗೆ ಒಳ್ಳೆಯದಲ್ಲ. ಸೋಪು ಸಾಕು.

ಹೆಜ್ಜೆ 6: ಯಂತ್ರ ಹೇಳುವುದನ್ನು ಕೇಳಿ

ಪ್ರತಿದಿನ ಬೆಳಿಗ್ಗೆ ಯಂತ್ರ ಮೂರು ಸಂಖ್ಯೆ ತೋರಿಸುತ್ತದೆ: ಎಷ್ಟು ಗಂಟೆ ಹಾಕಿದ್ದಿರಿ, ಎಷ್ಟು ಸೋರಿತು, ಎಎಚ್‌ಐ ಎಷ್ಟು. ದಿನಾ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ವಾರದ ಸರಾಸರಿ ನೋಡಿ. ಎಎಚ್‌ಐ 5ರ ಒಳಗಿದ್ದರೆ ಒಳ್ಳೆಯದು. ಆದರೆ ಅದು ಅಂದಾಜು. ನೀವು ಎಚ್ಚರವಾಗಿ ಮಗ್ಗುಲು ಬದಲಿಸುತ್ತಾ ಉಸಿರು ಬಿಗಿಹಿಡಿದರೂ ಅದು ಎಣಿಸಿಬಿಡುತ್ತದೆ. ಸೋರಿಕೆ ಜಾಸ್ತಿ ಇದ್ದ ದಿನದ ಎಎಚ್‌ಐ ನಂಬುವ ಹಾಗಿಲ್ಲ. ಶುರುವಿನಲ್ಲಿ ಕೆಲವರಿಗೆ ಹೊಸದಾಗಿ ಸೆಂಟ್ರಲ್ ಆಪ್ನಿಯಾ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ತಾನೇ ಹೋಗುತ್ತದೆ, ಹೋಗದಿದ್ದರೆ ಬೇರೆ ಯಂತ್ರ ಬೇಕಾಗಬಹುದು.

ಯಂತ್ರ ಒಗ್ಗಲೇ ಇಲ್ಲ ಅಂದರೆ

ಪ್ರಾಮಾಣಿಕವಾಗಿ ಪ್ರಯತ್ನಿಸಿದ ಮೇಲೂ ಕೆಲವರಿಗೆ ಆಗುವುದಿಲ್ಲ. ಅದು ಸೋಲು ಅಂತ ಬೇಸರ ಪಡಬೇಡಿ, ಏನೂ ಮಾಡದೆ ಬಿಡಲೂ ಬೇಡಿ. ಸೌಮ್ಯ, ಮಧ್ಯಮ ಆಪ್ನಿಯಾಗೆ ದಂತವೈದ್ಯರು ಹಲ್ಲಿನ ಅಚ್ಚು ತೆಗೆದು, ಕೆಳ ದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಮಾಡಿಕೊಡುತ್ತಾರೆ. ಬಿಸಿ ನೀರಲ್ಲಿ ಅದ್ದಿ ಕಚ್ಚುವ ರೆಡಿಮೇಡ್ ಬೇಡ. ಸಾಧನ ಹಾಕಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಗೊರಕೆ ನಿಂತಿದೆ ಅಂದರೆ ಆಪ್ನಿಯಾ ನಿಂತಿದೆ ಅಂತಲ್ಲ.

ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುವವರಿಗೆ ಹಳೇ ಉಪಾಯವೊಂದಿದೆ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಡುವುದು. ಈಗ ಅಂಗಾತ ತಿರುಗಿದರೆ ಮೆಲ್ಲಗೆ ಅದುರುವ ಪಟ್ಟಿಗಳೂ ಬಂದಿವೆ. ಮಲಗುವ ಮುಂಚೆ ಕುಡಿಯುವ ಅಭ್ಯಾಸ ಇದ್ದರೆ ಬಿಡಿ, ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನೂ ಸಡಿಲ ಮಾಡುತ್ತದೆ. ನಿಮಗೆ ಆಪ್ನಿಯಾ ಇದೆ ಅಂತ ಡಾಕ್ಟರಿಗೆ ಹೇಳದೆ ನಿದ್ದೆ ಮಾತ್ರೆ ತಗೊಳ್ಳಬೇಡಿ.

ತೂಕ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ, ಹೇಳುವುದು ಸುಲಭ. ನಿದ್ದೆ ಕೆಟ್ಟವರಿಗೆ ಹಸಿವು ಜಾಸ್ತಿ, ನಡೆಯಲು ತ್ರಾಣ ಕಡಿಮೆ. ಹಾಗಾಗಿ ಮೊದಲು ಯಂತ್ರ, ಸ್ವಲ್ಪ ಚೈತನ್ಯ ಬಂದ ಮೇಲೆ ತೂಕ, ಈ ಕ್ರಮ ನನಗೆ ಸರಿ ಅನ್ನಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ನೂರಕ್ಕೆ 10ರಷ್ಟು ಇಳಿದರೆ ಎಎಚ್‌ಐ ನೂರಕ್ಕೆ ಸುಮಾರು 26ರಷ್ಟು ಇಳಿಯುತ್ತದೆ ಅಂತ ಲೆಕ್ಕ ಸಿಕ್ಕಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬೊಜ್ಜು ಮತ್ತು ಮಧ್ಯಮ ಅಥವಾ ತೀವ್ರ ಆಪ್ನಿಯಾ ಎರಡೂ ಇರುವ ದೊಡ್ಡವರಿಗೆ ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್ ಒಪ್ಪಿತು. ಆಪ್ನಿಯಾಗೆ ಒಪ್ಪಿಗೆ ಪಡೆದ ಮೊದಲ ಔಷಧ ಅದು. ನಾಲಿಗೆಯ ನರವನ್ನು ಪ್ರಚೋದಿಸಿ ಮುಂದಕ್ಕೆ ತಳ್ಳುವ, ಎದೆಯ ಚರ್ಮದಡಿ ಕೂರಿಸುವ ಸಾಧನಕ್ಕೆ 2014ರಲ್ಲೇ ಅಲ್ಲಿ ಒಪ್ಪಿಗೆ ಸಿಕ್ಕಿತ್ತು. ಮಕ್ಕಳಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಟಾನ್ಸಿಲ್, ಅಡಿನಾಯ್ಡ್ ತೆಗೆಯುವುದು.

ನಗು ಬರುವಂಥದ್ದೂ ಒಂದಿದೆ. ಡಿಜೆರಿಡೂ ಎಂಬ ಉದ್ದನೆಯ ಊದುವ ವಾದ್ಯವನ್ನು ನಾಲ್ಕು ತಿಂಗಳು ಅಭ್ಯಾಸ ಮಾಡಿದವರಲ್ಲಿ ಆಪ್ನಿಯಾ ಕಡಿಮೆಯಾಯಿತು ಅಂತ 2006ರಲ್ಲಿ ಸ್ವಿಸ್ ಸಂಶೋಧಕರು ಬರೆದರು. 25 ಜನರ ಪುಟ್ಟ ಪ್ರಯೋಗ. 2017ರಲ್ಲಿ ಅದಕ್ಕೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್‌ನ ಶಾಂತಿ ಪ್ರಶಸ್ತಿಯೂ ಬಂತು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಅನ್ನುವುದು ಹಿಂದಿನ ತರ್ಕ. ಪಕ್ಕದ ಮನೆಯವರ ನಿದ್ದೆಗೆ ಮಾತ್ರ ಯಾರೂ ಜವಾಬ್ದಾರರಲ್ಲ.

ಯಂತ್ರ ಸರಿಯಿದೆ, ಆದರೂ ಸುಸ್ತು ಹೋಗಿಲ್ಲವೇ?

ಆಪ್ನಿಯಾ ಒಂಟಿಯಾಗಿ ಬರಬೇಕು ಅಂತ ನಿಯಮ ಇಲ್ಲ. ಮೂರು ತಿಂಗಳು ಸರಿಯಾಗಿ ಹಾಕಿ, ಸಂಖ್ಯೆಗಳೆಲ್ಲ ಚೆನ್ನಾಗಿದ್ದೂ ತೂಕಡಿಕೆ ಇದ್ದರೆ ಬೇರೆ ಕಡೆ ಹುಡುಕಿ.

ಮೊದಲ ಅನುಮಾನ ನಿದ್ರಾಹೀನತೆ. ಇದು ಆಪ್ನಿಯಾ ಜೊತೆ ಬಹಳ ಸಲ ಜೋಡಿಯಾಗಿ ಇರುತ್ತದೆ. ನನಗೂ ಇತ್ತು. ಮಾಸ್ಕ್ ಹಾಕಿಕೊಂಡು ಛಾವಣಿ ನೋಡುತ್ತಾ ಮಲಗಿರುವುದು ಅಂದರೆ ಎಂಥ ಶಿಕ್ಷೆ! ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಸಿಬಿಟಿ-ಐ ಎಂಬ ಅಭ್ಯಾಸ ತಿದ್ದುವ ಚಿಕಿತ್ಸೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹಾಗೆ ಹೇಳಿತು. ತಿರುಳು ಇಷ್ಟು: ಎದ್ದೇಳುವ ಹೊತ್ತು ದಿನಾ ಒಂದೇ ಇರಲಿ, ರಜೆಯಲ್ಲೂ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷದಷ್ಟು ಹೊತ್ತು ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಲ್ಲಿ ಕೂತಿದ್ದು, ಕಣ್ಣು ಎಳೆದಾಗ ವಾಪಸ್ ಬನ್ನಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಹಾಸಿಗೆಯಲ್ಲಿ 9 ಗಂಟೆ ಬಿದ್ದುಕೊಂಡು 6 ಗಂಟೆ ನಿದ್ದೆ ಮಾಡುವವರಿಗೆ, ಹಾಸಿಗೆಯ ಸಮಯವನ್ನೇ 6 ಗಂಟೆಗೆ ಇಳಿಸಿ ಆಮೇಲೆ ಮೆಲ್ಲಗೆ ಹೆಚ್ಚಿಸುವ ಭಾಗವೂ ಇದರಲ್ಲಿದೆ. ಮೊದಲ ವಾರಗಳಲ್ಲಿ ಹಗಲು ನಿದ್ದೆ ಜಾಸ್ತಿಯಾಗುವುದರಿಂದ, ಗಾಡಿ ಓಡಿಸುವವರು ಇದನ್ನು ತಾವೇ ಮಾಡಿಕೊಳ್ಳದೆ ತಿಳಿದವರ ಕಣ್ಗಾವಲಿನಲ್ಲಿ ಮಾಡಬೇಕು.

ಸಂಜೆಯಾದರೆ ಕಾಲೊಳಗೆ ಏನೋ ಹರಿದಾಡಿದ ಹಾಗೆ, ಅಲ್ಲಾಡಿಸಿದರೆ ಮಾತ್ರ ಸಮಾಧಾನ ಅನ್ನುವುದು ರೆಸ್ಟ್‌ಲೆಸ್ ಲೆಗ್ಸ್. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ 75ರ ಕೆಳಗಿದ್ದರೆ ಕಬ್ಬಿಣದ ಮಾತ್ರೆ ಕೊಟ್ಟು ನೋಡುತ್ತಾರೆ. ನಿದ್ದೆ ಬರಲಿ ಅಂತ ನೆಗಡಿ, ಅಲರ್ಜಿಯ ಮಾತ್ರೆ ನುಂಗುವವರಿಗೆ ಇದು ಇನ್ನೂ ಕೆರಳುತ್ತದೆ.

ಜೋರಾಗಿ ನಕ್ಕಾಗ ಮಂಡಿ ಕುಸಿಯುತ್ತದೆ, ದವಡೆ ಜೋತುಬೀಳುತ್ತದೆ ಅಂದರೆ ನಾರ್ಕೊಲೆಪ್ಸಿ, ಹಗಲು ತಡೆಯಲಾರದಷ್ಟು ನಿದ್ದೆ ಬರುವ ಕಾಯಿಲೆ, ಇರಬಹುದು. ಮೆದುಳಿನಲ್ಲಿ ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕ ಮಾಡುವ ಜೀವಕೋಶಗಳು ನಾಶವಾಗಿ ಇದು ಬರುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆ ಮಲಗಿಸಿ, ಎಷ್ಟು ಬೇಗ ನಿದ್ದೆ ಹತ್ತುತ್ತದೆ ಅಂತ ಅಳೆಯುವ ಪರೀಕ್ಷೆ ಇದೆ.

ಕನಸಿನಲ್ಲಿ ಹೊಡೆದಾಡುತ್ತಾ ನಿಜಕ್ಕೂ ಒದೆಯುವವರು, ಕೂಗುವವರು, ಮುಖ್ಯವಾಗಿ 50 ದಾಟಿದವರು, ನರವೈದ್ಯರನ್ನು ನೋಡಲೇಬೇಕು. ಕನಸಿನ ಹೊತ್ತಿನಲ್ಲಿ ಮೈಯನ್ನು ಕಟ್ಟಿಹಾಕುವ ವ್ಯವಸ್ಥೆ ಕೆಟ್ಟಿರುತ್ತದೆ. ಕೆಲವರಲ್ಲಿ ಇದು ಪಾರ್ಕಿನ್‌ಸನ್‌ನಂಥ ಕಾಯಿಲೆಗೆ ವರ್ಷಗಟ್ಟಲೆ ಮುಂಚಿನ ಸೂಚನೆ. ತೀವ್ರ ಆಪ್ನಿಯಾ ಕೂಡ ಹೀಗೇ ವೇಷ ಹಾಕುತ್ತದೆ, ಹಾಗಾಗಿ ಗಾಬರಿಗಿಂತ ಪರೀಕ್ಷೆ ಮೊದಲು. ಅಲ್ಲಿಯವರೆಗೆ ಮಂಚದ ಪಕ್ಕದಿಂದ ಗಾಜು, ಚೂಪು ಸಾಮಾನು ತೆಗೆದಿಡಿ.

ಇನ್ನು ರಾತ್ರಿ ಮೂರಕ್ಕೆ ಮುಂಚೆ ನಿದ್ದೆಯೇ ಬರದವರು, ಬಿಟ್ಟರೆ ಹನ್ನೊಂದರವರೆಗೆ ಚೆನ್ನಾಗಿ ಮಲಗುವವರು. ಅವರ ಒಳಗಿನ ಗಡಿಯಾರ ಹಿಂದೆ ಬಿದ್ದಿದೆ, ಅಷ್ಟೇ. ಎದ್ದ ತಕ್ಷಣ ಹೊರಗಿನ ಬೆಳಕು, ಸಂಜೆ ಮಂದ ಬೆಳಕು, ಬೇಕಾದರೆ ಡಾಕ್ಟರು ಹೇಳಿದ ಹೊತ್ತಿಗೆ ಸ್ವಲ್ಪ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನ್.

ಗಾಡಿ, ಆಪರೇಷನ್, ಪ್ರಯಾಣ

ಚಿಕಿತ್ಸೆ ಶುರುವಾಗಿ ಎಚ್ಚರ ಬರುವವರೆಗೆ ದೂರದ ಡ್ರೈವಿಂಗ್ ಬೇಡ. ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು ಯಾವುದೂ ತೂಕಡಿಕೆಯನ್ನು ನಿಲ್ಲಿಸುವುದಿಲ್ಲ. ಕಳೆದ ಐದು ಕಿಲೋಮೀಟರ್ ನೆನಪಿಲ್ಲ ಅನ್ನಿಸಿದರೆ ಅಲ್ಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಮಲಗಿ.

ಯಾವ ಆಪರೇಷನ್ ಇದ್ದರೂ, ಹಲ್ಲಿನದೇ ಆದರೂ, ಮಂಪರು ಬರಿಸುವುದಿದ್ದರೆ ನಿಮಗೆ ಆಪ್ನಿಯಾ ಇದೆ ಅಂತ ಅರಿವಳಿಕೆ ಕೊಡುವ ಡಾಕ್ಟರಿಗೆ ನೀವೇ ಹೇಳಿ. ಅರಿವಳಿಕೆಯ ಗುಂಗು, ನೋವಿನ ಔಷಧ ಎರಡೂ ಸೇರಿ ಉಸಿರನ್ನು ತಡೆಯಬಹುದು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಿರಿ, ಎಚ್ಚರವಾದ ಕೋಣೆಯಲ್ಲೇ ಹಾಕಿಸಿಕೊಳ್ಳಿ.

ವಿಮಾನದಲ್ಲಿ ಯಂತ್ರವನ್ನು ಲಗೇಜಿಗೆ ಹಾಕದೆ ಕೈಯಲ್ಲೇ ಹಿಡಿದುಕೊಳ್ಳಿ, ಡಾಕ್ಟರ ಚೀಟಿ ಜೊತೆಗಿರಲಿ, ಲಿಥಿಯಂ ಬ್ಯಾಟರಿಯೂ ಕೈಚೀಲದಲ್ಲೇ. ತೊಟ್ಟಿಯ ನೀರು ಚೆಲ್ಲಿ. ನಾನು ಒಂದು ಸಲ ಮರೆತು ನೀರು ಯಂತ್ರದೊಳಗೆ ಹೋಗಿ, ಎರಡು ರಾತ್ರಿ ಕುರ್ಚಿಯಲ್ಲಿ ಕೂತೇ ತೂಕಡಿಸಿದ್ದೇನೆ. ಕರೆಂಟ್ ಹೋಗುವ ಕಡೆ ಬ್ಯಾಟರಿಯಲ್ಲಿ ಓಡಿಸುವಾಗ ನೀರು ಕಾಯಿಸುವುದನ್ನು ಆಫ್ ಮಾಡಿ, ಚಾರ್ಜ್ ತಿನ್ನುವುದು ಅದೇ. ಕರೆಂಟ್ ಹೋದರೆ ಉಸಿರು ಕಟ್ಟುತ್ತದೆ ಅಂತ ಹೆದರಬೇಡಿ, ಮಾಸ್ಕಿನಲ್ಲಿ ಗಾಳಿ ಹೋಗುವ ತೂತು ಇರುತ್ತದೆ, ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕಿನಲ್ಲಿ ಅದಕ್ಕೆಂದೇ ತೆರೆದುಕೊಳ್ಳುವ ಕವಾಟ ಇರುತ್ತದೆ.

ತೂಕ ಬಹಳ ಏರಿದರೆ, ಇಳಿದರೆ, ಗೊರಕೆ ವಾಪಸ್ ಬಂದರೆ ಒತ್ತಡ ಮತ್ತೆ ನೋಡಿಸಿ. ವರ್ಷಕ್ಕೊಮ್ಮೆ ಯಂತ್ರದ ದಾಖಲೆ ತಗೊಂಡು ಡಾಕ್ಟರ ಹತ್ತಿರ ಹೋಗಿ ಬನ್ನಿ. ಮತ್ತೆ, ಮಾಸ್ಕಿನ ಸಿಲಿಕಾನ್ ಕುಶನ್ ಒಂದು ಜಾಸ್ತಿ ಮನೆಯಲ್ಲಿ ಇಟ್ಟುಕೊಂಡಿರಿ. ಅದು ಹರಿಯುವುದು ಯಾವಾಗಲೂ ಶನಿವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆಯೇ.